ಜಾತಿ ಬಿಟ್ಟು ಮದುವೆ: ಬೆನ್ನಿಗೆ ಯಾರಿದ್ದಾರೆ ಅಂತ ಮೊದಲು ನೋಡಿ

ಪ್ರಶ್ನೆ: ನನಗೆ 26 ವರ್ಷ. ರಾಣೆಬೆನ್ನೂರಿನ ಹತ್ತಿರ ಒಂದು ಹಳ್ಳಿ ನಮ್ಮೂರು. ಬೆಂಗಳೂರಿನಲ್ಲಿ ಕೆಲಸ. ನಾವು ಲಿಂಗಾಯತರು. ಜೊತೆಗೆ ಕೆಲಸ ಮಾಡುವ ಹುಡುಗನನ್ನು ಮೂರು ವರ್ಷದಿಂದ ಪ್ರೀತಿಸುತ್ತಿದ್ದೇನೆ. ಅವರು ಪರಿಶಿಷ್ಟ ಜಾತಿಯವರು, ಹರಿಹರದ ಕಡೆಯವರು. ಮನೆಯಲ್ಲಿ ನಮ್ಮ ಪಂಗಡದವರೇ ಆದ ಒಬ್ಬ ಎಂಜಿನಿಯರ್ ವರನನ್ನು ನೋಡಿದ್ದಾರೆ, ಮುಂದಿನ ತಿಂಗಳು ನನ್ನನ್ನು ನೋಡಲು ಬರುತ್ತಾರಂತೆ. ವಿಷಯ ಹೇಳಿದಾಗ ಅವ್ವ ‘ನೀನು ಹಂಗೆ ಮಾಡಿದರೆ ನಾನು ಉಳಿಯಲ್ಲ’ ಅಂದಳು. ತಂಗಿಗೆ ಇನ್ನೂ ಮದುವೆಯಾಗಿಲ್ಲ. ಅಪ್ಪ ‘ಲವ್ ಮ್ಯಾರೇಜ್ ಯಾವುದೂ ಉಳಿಯಲ್ಲ, ಕೋರ್ಟಿಗೆ ಹೋಗಿ ನೋಡು’ ಅಂತಾರೆ. ಇದು ನಿಜವೇ? ಹಿರಿಯರು ನೋಡಿದ ಮದುವೆಯೇ ಒಳ್ಳೆಯದೇ? ನಾವು ಮದುವೆಯಾದರೆ ಕಾನೂನು ಕಾಪಾಡುತ್ತದೆಯೇ?

ಉತ್ತರ: ನಿಮ್ಮ ಅಪ್ಪ ‘ಕೋರ್ಟಿಗೆ ಹೋಗಿ ನೋಡು’ ಅಂದರಲ್ಲ, ನಾನು ದಿನಾ ಅಲ್ಲೇ ಇರುವವಳು. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತೇನೆ, ಸಂಧಾನಕ್ಕೂ ಕೂರುತ್ತೇನೆ. ಅಲ್ಲಿ ಬೆಂಚಿನ ಮೇಲೆ ಕಾಯುವವರಲ್ಲಿ ಪ್ರೀತಿಸಿ ಮದುವೆಯಾದವರೂ ಇರುತ್ತಾರೆ, ಜಾತಕ ಕೂಡಿಸಿ ಸಾವಿರ ಜನಕ್ಕೆ ಊಟ ಹಾಕಿ ಮದುವೆಯಾದವರೂ ಇರುತ್ತಾರೆ. ಎರಡನೆಯವರೇನೂ ಕಮ್ಮಿ ಇಲ್ಲ.

2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೊಬ್ಬರು, ಹೆಚ್ಚಿನ ವಿಚ್ಛೇದನಗಳು ಪ್ರೇಮ ವಿವಾಹಗಳಿಂದಲೇ ಬರುತ್ತಿವೆ ಅಂತ ಹೇಳಿದ್ದು ಸುದ್ದಿಯಾಗಿತ್ತು. ಅಪ್ಪ ಅದನ್ನೇ ಓದಿರಬಹುದು. ಅದು ತೀರ್ಪಲ್ಲ, ವಾದ ಕೇಳುವಾಗ ಬಂದ ಮಾತು. ಆದರೂ ಅದರಲ್ಲಿ ಒಂದು ಅಂಶ ಇದೆ. ಹಿರಿಯರು ಮಾಡಿದ ಮದುವೆ ಮುರಿದರೂ ಎಷ್ಟೋ ಸಲ ಅದು ಕೋರ್ಟಿನವರೆಗೆ ಬರುವುದೇ ಇಲ್ಲ. ಎರಡೂ ಕಡೆಯ ಹಿರಿಯರು ಕೂತು ಪಂಚಾಯಿತಿ ಮಾಡುತ್ತಾರೆ. ಸರಿಹೋಗದಿದ್ದರೆ ಹುಡುಗಿ ತವರಿಗೆ ಬಂದು ಕೂರುತ್ತಾಳೆ. ‘ಗಂಡನ ಮನೆಗೆ ಹೋಗಿಲ್ಲ’ ಅಂತ ಊರು ಹೇಳುತ್ತದೆ, ವಿಚ್ಛೇದನ ಅಂತ ಯಾರೂ ಹೇಳಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿ ವಿಚ್ಛೇದನ ಆದವರು ಸುಮಾರು 13.6 ಲಕ್ಷ. ವಿಚ್ಛೇದನ ಇಲ್ಲದೆ ಬೇರೆ ಬೇರೆ ಇರುವವರು ಅದರ ಸುಮಾರು ಮೂರು ಪಟ್ಟು. ಅಪ್ಪ ಲೆಕ್ಕ ಹಾಕುವಾಗ ಈ ಎರಡನೆಯ ಗುಂಪನ್ನು ಬಿಟ್ಟಿದ್ದಾರೆ. ನಿಮ್ಮೂರಲ್ಲೇ ಇಂಥ ಒಂದೆರಡು ಮನೆ ನಿಮಗೂ ಗೊತ್ತಿರುತ್ತದೆ, ಅಲ್ವಾ?

ಹಾಗಂತ ಹಿರಿಯರು ಮಾಡಿದ ಮದುವೆಯಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಅದರ ಬಲ ಎಲ್ಲಿದೆ ಅಂತ ತಿಳಿಯಬೇಕಾದರೆ, ಆ ಎಂಜಿನಿಯರ್ ಹುಡುಗನ ಬಯೋಡೇಟಾ ತೆಗೆದು ನೋಡಿ. ಹುಡುಗನ ಬಗ್ಗೆ ಇರುವುದು ಎತ್ತರ, ಓದು, ಸಂಬಳ, ಅಷ್ಟೇ. ಉಳಿದದ್ದೆಲ್ಲ ಬೇರೆ: ಪಂಗಡ, ಒಳಪಂಗಡ, ಮನೆದೇವರು, ಎಷ್ಟು ಎಕರೆ ನೀರಾವರಿ, ದೊಡ್ಡಪ್ಪ ಏನು ಮಾಡುತ್ತಾರೆ, ಅಕ್ಕನನ್ನು ಯಾವ ಊರಿಗೆ ಕೊಟ್ಟಿದೆ, ಸೋದರಮಾವನ ಮೊಬೈಲ್ ನಂಬರ್. ಆ ಹಾಳೆ ಹುಡುಗನ ಪರಿಚಯಕ್ಕಿಂತ ಜಾಸ್ತಿ ಅವನ ಹಿಂದೆ ನಿಲ್ಲುವವರ ಪಟ್ಟಿ. ಬ್ಯಾಂಕ್ ಸಾಲಕ್ಕೆ ನಾಲ್ಕು ಜನ ಜಾಮೀನು ಹಾಕಿದ ಹಾಗೆ. ನಾಳೆ ಗಂಡ ಕುಡಿದು ಬಂದರೆ ಹೆಂಡತಿ ಸೋದರಮಾವನಿಗೆ ಫೋನ್ ಮಾಡಬಹುದು. ಅವರು ಬಂದು ಬಯ್ಯಬಹುದು. ಹೆರಿಗೆಗೆ ತವರಿದೆ, ಕಾಯಿಲೆ ಬಿದ್ದರೆ ದುಡ್ಡು ಕೈಬದಲು ಸಿಗುತ್ತದೆ.

ಜಾತಿ ಈ ಜಾಮೀನಿನ ಬೇಲಿ. ನಮ್ಮ ಜನ ‘ಆಚಾರ ವಿಚಾರ ಹೊಂದಬೇಕು’ ಅನ್ನುತ್ತಾರೆ. ಆದರೆ ಒಂದೇ ಊಟ, ಒಂದೇ ಆಚಾರ ಇದ್ದರೂ ಒಳಪಂಗಡ ಬೇರೆ ಅಂತ ಬಿಟ್ಟ ಸಂಬಂಧಗಳನ್ನು ನಾನು ಎಷ್ಟೋ ಕಂಡಿದ್ದೇನೆ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ಜಾತಿ ದಾಟಿ ಮದುವೆಯಾದವರು ನೂರಕ್ಕೆ ಸುಮಾರು 5 ಮಾತ್ರ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ತಮ್ಮ ಸಮುದಾಯದ ಹೆಣ್ಣುಮಕ್ಕಳು ಬೇರೆ ಜಾತಿಗೆ ಮದುವೆಯಾಗುವುದನ್ನು ತಡೆಯುವುದು ಬಹಳ ಮುಖ್ಯ ಅಂದವರು ನೂರಕ್ಕೆ 64. ಇವರೆಲ್ಲ ಕೆಟ್ಟವರಲ್ಲ. ನಿಮ್ಮ ಅಪ್ಪನಂಥವರೇ.

ಹಾಗಾಗಿ ಲವ್ವಾ ಅರೇಂಜಾ ಅನ್ನುವ ಪ್ರಶ್ನೆಯನ್ನು ನಾನು ಪಕ್ಕಕ್ಕೆ ಇಡುತ್ತೇನೆ. ಮದುವೆ ಚೆನ್ನಾಗಿ ನಡೆಯುವಾಗ ಎರಡೂ ಒಂದೇ. ಕೆಟ್ಟ ದಿನ ಬಂದಾಗ ಬೆನ್ನಿಗೆ ಯಾರಿದ್ದಾರೆ ಅನ್ನುವುದೇ ವ್ಯತ್ಯಾಸ. ಜಾತಿ ಬಿಟ್ಟು ಮದುವೆಯಾದ ಜೋಡಿಗಳು ಸೋಲುವುದು ಹೆಚ್ಚಾಗಿ ಪ್ರೀತಿ ಬತ್ತಿ ಅಲ್ಲ. ಸಣ್ಣ ಜಗಳಕ್ಕೂ ಮಧ್ಯೆ ಬಂದು ಮಾತಾಡುವವರು ಯಾರೂ ಇರಲ್ಲ. ಹುಡುಗಿಗೆ ಸಿಟ್ಟು ಬಂದರೆ ನಾಲ್ಕು ದಿನ ಹೋಗಿ ಇರಲು ಮನೆ ಇರಲ್ಲ. ಆ ಬೆಂಬಲವನ್ನು ನೀವೇ ಕಟ್ಟಿಕೊಳ್ಳಬೇಕು, ಅದೂ ಮದುವೆಗೆ ಮೊದಲೇ.

ನಿಮ್ಮ ಪತ್ರದಲ್ಲಿ ನನಗೆ ಒಂದು ವಿಷಯ ಕಾಣಲಿಲ್ಲ. ಅವ್ವ, ಅಪ್ಪ, ತಂಗಿ ಎಲ್ಲರ ಬಗ್ಗೆ ಬರೆದಿದ್ದೀರಿ. ಹುಡುಗನ ಅಪ್ಪ ಅಮ್ಮ ಎಲ್ಲಿದ್ದಾರೆ? ಹರಿಹರ ಪೇಟೆಯಲ್ಲೋ, ಹಳ್ಳಿಯ ಕೇರಿಯಲ್ಲೋ? ಯಾರ ಹೊಲದಲ್ಲಿ ಕೆಲಸ ಮಾಡುತ್ತಾರೆ? ಇದನ್ನು ಇವತ್ತೇ ಕೇಳಿ. ಇಂಥ ಮದುವೆಗಳಲ್ಲಿ ಸಿಟ್ಟು ಮೊದಲು ತಿರುಗುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ನಿಮ್ಮ ಕಡೆಗಲ್ಲ, ಹಳ್ಳಿಯಲ್ಲಿರುವ ಅವರ ಕಡೆಗೆ. ಹೊಲದ ಕೆಲಸ ನಿಲ್ಲುತ್ತದೆ, ಅಂಗಡಿಯಲ್ಲಿ ಸಾಮಾನು ಕೊಡಲ್ಲ, ರಾತ್ರಿ ಮನೆ ಮುಂದೆ ಬೈಕ್ ನಿಲ್ಲುತ್ತವೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರಿಂದ ಇದೆ, ಕಠಿಣವಾಗಿಯೇ ಇದೆ. ಆದರೆ ಕಾಯ್ದೆ ಕೆಲಸ ಮಾಡುವುದು ಏಟು ಬಿದ್ದ ಮೇಲೆ. ಮದುವೆಯ ದಿನ ಮತ್ತು ಮುಂದಿನ ಕೆಲವು ವಾರ ಅವರು ಊರಲ್ಲಿ ಇರಬೇಕಾ, ಬೇರೆ ಎಲ್ಲಾದರೂ ಇರಬೇಕಾ ಅಂತ ಹುಡುಗ ಯೋಚಿಸಿದ್ದಾನಾ? ಇದಕ್ಕೆ ಅವನ ಹತ್ತಿರ ಉತ್ತರ ಇಲ್ಲದಿದ್ದರೆ ನೀವಿನ್ನೂ ತಯಾರಾಗಿಲ್ಲ ಅಂತಲೇ ನಾನು ಹೇಳುತ್ತೇನೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಆನೆ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆಯಾದದ್ದು ಮದುಮಕ್ಕಳ ಅಪ್ಪಂದಿರಿಗೆ. ನಿಮ್ಮ ಮನೆಯ ಗೋಡೆಯ ಮೇಲೂ ಬಸವಣ್ಣನ ಫೋಟೋ ಇರುತ್ತದೆ. ಅಪ್ಪನ ಜೊತೆ ವಾದ ಮಾಡುವಾಗ ಅದನ್ನು ತೋರಿಸಬೇಡಿ, ಕೆಲಸಕ್ಕೆ ಬರಲ್ಲ. ನಾನು ನೋಡಿದ ಹಾಗೆ ಅದರಿಂದ ಅಪ್ಪಂದಿರಿಗೆ ಸಿಟ್ಟು ಇನ್ನೂ ಜಾಸ್ತಿಯಾಗುತ್ತದೆ.

ಈಗ ಕಾನೂನು. ನಿಮಗೆ ಎರಡು ದಾರಿ ಇವೆ.

ಒಂದು, 1955ರ ಹಿಂದೂ ವಿವಾಹ ಕಾಯ್ದೆ. ಇದರ 2ನೇ ಕಲಂನಲ್ಲಿ ವೀರಶೈವ, ಲಿಂಗಾಯತ ಅಂತ ಹೆಸರು ಹಿಡಿದೇ ಬರೆದಿದೆ. ಬೌದ್ಧರು, ಜೈನರು, ಸಿಖ್ಖರೂ ಸೇರುತ್ತಾರೆ. ಹುಡುಗನ ಮನೆಯವರು ಬೌದ್ಧ ಧರ್ಮಕ್ಕೆ ಹೋಗಿದ್ದರೂ ತೊಂದರೆ ಇಲ್ಲ. ಮದುವೆಯ ಷರತ್ತುಗಳಿರುವ 5ನೇ ಕಲಂನಲ್ಲಿ ಜಾತಿಯ ಮಾತೇ ಇಲ್ಲ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು, ಇಬ್ಬರಿಗೂ ಬೇರೆ ಮದುವೆ ಇರಬಾರದು, ಒಪ್ಪಿಗೆ ಕೊಡುವ ಸ್ಥಿತಿಯಲ್ಲಿರಬೇಕು, ಹತ್ತಿರದ ರಕ್ತಸಂಬಂಧ ಇರಬಾರದು. ಅಷ್ಟೇ. ಇಬ್ಬರಲ್ಲಿ ಯಾರದಾದರೂ ಒಂದು ಕಡೆಯ ಸಂಪ್ರದಾಯದಂತೆ ಶಾಸ್ತ್ರ ಮಾಡಿದರೆ ಸಾಕು. ಆದರೆ ಶಾಸ್ತ್ರ ನಿಜವಾಗಿ ಆಗಿರಬೇಕು. ಶಾಸ್ತ್ರ ಮಾಡದೆ, ಸುಮ್ನೆ ಎಲ್ಲಿಂದಲೋ ಒಂದು ಸರ್ಟಿಫಿಕೇಟ್ ತಂದು ನೋಂದಣಿ ಮಾಡಿಸಿದರೆ ಅದು ಮದುವೆಯೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಖಡಾಖಂಡಿತವಾಗಿ ಹೇಳಿದೆ. ತಾಳಿ ಕಟ್ಟುವಾಗಿನ ಫೋಟೋ, ವಿಡಿಯೋ ಇಟ್ಟುಕೊಳ್ಳಿ. ಪುರೋಹಿತರೋ ಸ್ವಾಮಿಗಳೋ, ಮದುವೆ ಮಾಡಿಸಿದವರ ಹೆಸರು ವಿಳಾಸ ಬರೆದಿಡಿ. ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ಕೆಲವು ದೇವಸ್ಥಾನಗಳಲ್ಲಿ ‘ತಂದೆ ತಾಯಿಯನ್ನು ಕರ್ಕೊಂಡು ಬನ್ನಿ’ ಅನ್ನುತ್ತಾರೆ. ಅದು ಅವರ ನಿಯಮ, ಕಾನೂನಲ್ಲ. ಬೇರೆ ದೇವಸ್ಥಾನ ನೋಡಿ.

ಇನ್ನೊಂದು, 1954ರ ವಿಶೇಷ ವಿವಾಹ ಕಾಯ್ದೆ. ಶಾಸ್ತ್ರ ಬೇಕಿಲ್ಲ, ಮೂವರು ಸಾಕ್ಷಿಗಳ ಮುಂದೆ ಅಧಿಕಾರಿಯ ಎದುರು ಒಪ್ಪಿಗೆ ಹೇಳಿ ಸಹಿ ಹಾಕಿದರೆ ಆಯಿತು. ಕಾಗದಪತ್ರದ ಮಟ್ಟಿಗೆ ಇದು ಬಹಳ ಗಟ್ಟಿ. ತೊಂದರೆ ಇರುವುದು ನೋಟಿಸಿನಲ್ಲಿ. ಇಬ್ಬರಲ್ಲಿ ಒಬ್ಬರು 30 ದಿನ ವಾಸವಿದ್ದ ಜಿಲ್ಲೆಯಲ್ಲಿ ಅರ್ಜಿ ಕೊಡಬೇಕು, ಆಮೇಲೆ 30 ದಿನ ಕಾಯಬೇಕು. ಆ 30 ದಿನ ನಿಮ್ಮ ಹೆಸರು, ವಿಳಾಸ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಇರುತ್ತದೆ. ಆ ಬೋರ್ಡನ್ನು ನೀವು ನೋಡಿಲ್ಲದಿದ್ದರೆ ಒಮ್ಮೆ ಹೋಗಿ ನೋಡಿ. ಜಮೀನು ನೋಂದಣಿಗೆ ಬಂದವರು ಟೋಕನ್ ಹಿಡಿದು ಅದರ ಮುಂದೆಯೇ ನಿಂತಿರುತ್ತಾರೆ, ಹೊತ್ತು ಹೋಗದೆ ಓದುತ್ತಾರೆ. ಪರಿಚಯದ ಹೆಸರು ಕಂಡರೆ ಮೊಬೈಲಿನಲ್ಲಿ ಫೋಟೋ ಹೊಡೆಯಲು ಎಷ್ಟು ಹೊತ್ತು? ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ: ನಿಮ್ಮ ಖಾಯಂ ವಿಳಾಸ ಬೇರೆ ಜಿಲ್ಲೆಯದ್ದಾದರೆ ನೋಟಿಸಿನ ಒಂದು ಪ್ರತಿ ಅಲ್ಲಿಯ ಕಚೇರಿಗೂ ಹೋಗುತ್ತದೆ, ಅಲ್ಲಿಯೂ ಅಂಟಿಸುತ್ತಾರೆ. ಅಂದರೆ ನೀವು ಬೆಂಗಳೂರಿನಲ್ಲಿ ಅರ್ಜಿ ಕೊಟ್ಟರೂ ಸುದ್ದಿ ಹಾವೇರಿ ಜಿಲ್ಲೆಗೆ ಸರ್ಕಾರದ ಖರ್ಚಿನಲ್ಲೇ ತಲುಪಬಹುದು. ಮನೆಯವರು ಆಕ್ಷೇಪ ಹಾಕಬಹುದು, ಆದರೆ ಅದು ವಯಸ್ಸು, ಮೊದಲಿನ ಮದುವೆ, ರಕ್ತಸಂಬಂಧ, ಮಾನಸಿಕ ಸ್ಥಿತಿ ಇಂಥ ಕಾರಣಕ್ಕೆ ಮಾತ್ರ. ‘ಜಾತಿ ಬೇರೆ’, ‘ನಮಗೆ ಇಷ್ಟ ಇಲ್ಲ’ ಅನ್ನುವುದು ಆಕ್ಷೇಪವೇ ಅಲ್ಲ.

ಬೆದರಿಕೆ ಇರುವ ಕಡೆ ನಾನು ಹಿಂದೂ ವಿವಾಹ ಕಾಯ್ದೆಯನ್ನೇ ಸೂಚಿಸುತ್ತೇನೆ. ಮನೆಯವರು ಸಿಟ್ಟಾಗಿದ್ದರೂ ಕೈ ಎತ್ತುವವರಲ್ಲ ಅನ್ನುವ ಧೈರ್ಯ ಇದ್ದರೆ ವಿಶೇಷ ವಿವಾಹ ಕಾಯ್ದೆ ಒಳ್ಳೆಯದು. ಕುವೆಂಪು ತೋರಿಸಿದ ಸರಳ ಮದುವೆ ‘ಮಂತ್ರ ಮಾಂಗಲ್ಯ’ ಮಾಡಿಕೊಳ್ಳುವ ಆಸೆ ಇದ್ದರೂ ಇದನ್ನೇ ಹಿಡಿಯಿರಿ. ತಮಿಳುನಾಡು ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ 1967ರಲ್ಲೇ ಕಾಯ್ದೆ ತಿದ್ದಿ ಜಾಗ ಮಾಡಿಕೊಂಡಿತು. ನಮ್ಮಲ್ಲಿ ಮಂತ್ರ ಮಾಂಗಲ್ಯಕ್ಕೆ ಹಾಗೆ ಬಿಡಿಸಿ ಬರೆದದ್ದಿಲ್ಲ. ಅಧಿಕಾರಿಯ ಎದುರಿನ ಸಹಿ ಜೊತೆಗಿದ್ದರೆ ಮುಂದೆ ಯಾರೂ ಪ್ರಶ್ನೆ ಎತ್ತಲು ಆಗಲ್ಲ.

ನೀವು ಹೊರಟ ಮೇಲೆ ಮನೆಯವರು ಮೊದಲು ಕೊಡುವುದು ‘ಕಾಣೆಯಾಗಿದ್ದಾಳೆ’ ಅನ್ನುವ ದೂರು. ಇದಕ್ಕೆ ನಮ್ಮ ರಾಜ್ಯದ್ದೇ ಪ್ರಕರಣ ಇದೆ. ಬೆಳಗಾವಿ ಜಿಲ್ಲೆಯ ಮುರಗೋಡ ಪೊಲೀಸ್ ಠಾಣೆಯಲ್ಲಿ ಇಂಥ ದೂರು ದಾಖಲಾಗಿತ್ತು. ಹುಡುಗಿ ಮದುವೆಯಾಗಿ ಬೇರೆ ರಾಜ್ಯದಲ್ಲಿದ್ದಳು, ಮದುವೆ ಪ್ರಮಾಣಪತ್ರವನ್ನೂ ಕಳಿಸಿದ್ದಳು. ಆದರೂ ತನಿಖಾಧಿಕಾರಿ ಠಾಣೆಗೇ ಬಂದು ಹೇಳಿಕೆ ಕೊಡು ಅಂತ ಪಟ್ಟು ಹಿಡಿದರು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಎಫ್‌ಐಆರ್ ರದ್ದು ಮಾಡಿತು. ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆಯವರ ಅಥವಾ ಸಮುದಾಯದ ಒಪ್ಪಿಗೆ ಬೇಕಿಲ್ಲ ಅಂತ ಹೇಳಿತು, ಇಂಥ ಪ್ರಕರಣಗಳಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಪೊಲೀಸರಿಗೆ ತರಬೇತಿ ಕೊಡಿ ಅಂತಲೂ ಸೂಚಿಸಿತು. ಅದಕ್ಕೂ ಮೊದಲು, 2018ರ ಶಕ್ತಿ ವಾಹಿನಿ ಪ್ರಕರಣದಲ್ಲಿ, ಇಂಥ ಜೋಡಿಗಳಿಗಾಗಿ ಜಿಲ್ಲೆಗಳಲ್ಲಿ ವಿಶೇಷ ಘಟಕ, ಸಹಾಯವಾಣಿ, ಸುರಕ್ಷಿತ ವಸತಿ ಇರಬೇಕು ಅಂತ ಅದೇ ಕೋರ್ಟ್ ಹೇಳಿತ್ತು. ಎಲ್ಲ ಕಡೆ ಅದು ಹೇಳಿದಷ್ಟು ಚೆನ್ನಾಗಿ ನಡೆಯಲ್ಲ, ನಿಜ. ಆದರೆ ಆ ತೀರ್ಪಿನ ಹೆಸರು ಅರ್ಜಿಯಲ್ಲಿ ಕಂಡರೆ ಪೊಲೀಸರ ಮಾತಿನ ಧಾಟಿ ಬದಲಾಗುತ್ತದೆ.

ಮದುವೆಯಾದ ದಿನವೇ ಬೆಂಗಳೂರಿನ ನಿಮ್ಮ ವ್ಯಾಪ್ತಿಯ ಠಾಣೆಗೆ ಮತ್ತು ಹಾವೇರಿ, ದಾವಣಗೆರೆ ಎಸ್‌ಪಿ ಕಚೇರಿಗಳಿಗೆ ‘ನನ್ನ ಇಷ್ಟದಿಂದ ಮದುವೆಯಾಗಿದ್ದೇನೆ, ಇಬ್ಬರ ಮನೆಯವರಿಗೂ ರಕ್ಷಣೆ ಬೇಕು’ ಅಂತ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಊರಿನ ಠಾಣೆಗೆ ಇಬ್ಬರೇ ಹೋಗಬೇಡಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100. ಮನೆಯಿಂದ ಒಂದು ಗ್ರಾಂ ಬಂಗಾರವನ್ನೂ ತರಬೇಡಿ, ನಿಮ್ಮ ಹೆಸರಿನಲ್ಲೇ ಮಾಡಿಸಿದ ಸರವಾದರೂ ಸರಿ. ‘ಬಂಗಾರ ಕದ್ದುಕೊಂಡು ಹೋದಳು, ಅವನೇ ಮಾಡಿಸಿದ’ ಅನ್ನುವ ದೂರು ನಾನು ಲೆಕ್ಕವಿಲ್ಲದಷ್ಟು ಓದಿದ್ದೇನೆ. ತರಬೇಕಾದದ್ದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಮೂಲ ಪ್ರತಿ, ಪದವಿ ಪ್ರಮಾಣಪತ್ರ, ಆಧಾರ್, ಪ್ಯಾನ್. ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲ್ ಅಪ್ಪನದ್ದಾಗಿದ್ದರೆ ಈಗಲೇ ಬದಲಿಸಿ.

ಅವ್ವನ ಮಾತಿಗೆ ಬರುತ್ತೇನೆ. ‘ಉಳಿಯಲ್ಲ’ ಅನ್ನುವ ಹೆಚ್ಚಿನ ತಾಯಂದಿರು ದುಃಖಕ್ಕೆ ಹೇಳುತ್ತಾರೆ. ಆದರೆ ಬರೀ ಬಾಯಿಮಾತು ಅಂತ ತಳ್ಳಿಹಾಕಬೇಡಿ. ನಿರ್ಧಾರ ತಿಳಿಸುವ ದಿನ ಅವ್ವನ ಹತ್ತಿರ ಚಿಕ್ಕಮ್ಮನೋ ಅತ್ತೆಯೋ, ನಂಬುವ ಒಬ್ಬರು ಇರುವ ಹಾಗೆ ನೋಡಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416 ನಂಬರ್ ತಂಗಿಯ ಫೋನಿನಲ್ಲಿ ಇರಲಿ. ಅವ್ವನ ಜೊತೆ ಮಾತು ನಿಲ್ಲಿಸುವವರು ನೀವಾಗಬೇಡಿ. ಅವಳು ಫೋನ್ ಇಟ್ಟರೆ ಇಡಲಿ, ಮುಂದಿನ ವಾರ ಮತ್ತೆ ಮಾಡಿ. ಮಾತು ಮರಳಿ ಬರುವುದು ಸಾಮಾನ್ಯವಾಗಿ ಮೊದಲ ಮಗುವಿನ ಹೊತ್ತಿಗೆ, ಮೊದಲು ಅವ್ವನಿಂದಲೇ. ಗುಟ್ಟಾಗಿ.

ತಂಗಿಯ ವಿಷಯದಲ್ಲಿ ನಾನು ಸುಳ್ಳು ಸಮಾಧಾನ ಹೇಳಲ್ಲ. ಅವಳಿಗೆ ಬರುವ ಸಂಬಂಧಗಳು ಕಡಿಮೆಯಾಗಬಹುದು. ಅವಳ ಮದುವೆಯವರೆಗೆ ಕಾಯುತ್ತೇನೆ ಅಂದರೆ ಅದೂ ಸರಿಯೇ. ಆದರೆ ಕಾಯುವುದಕ್ಕೆ ಒಂದು ತಿಂಗಳು, ವರ್ಷ ಅಂತ ಇರಲಿ, ಅದು ಮನೆಯವರಿಗೂ ಹುಡುಗನಿಗೂ ಗೊತ್ತಿರಲಿ. ‘ತಂಗಿದು ಮುಗೀಲಿ, ಆಮೇಲೆ ನೋಡೋಣ’ ಅನ್ನುವ ಮಾತಿನಲ್ಲಿ ನಾಲ್ಕೈದು ವರ್ಷ ಕಳೆದವರಿದ್ದಾರೆ. ಮತ್ತೆ, ತಂಗಿಯನ್ನು ಯಾರಾದರೂ ಕೇಳಿದ್ದೀರಾ? ಎಲ್ಲರೂ ಅವಳ ಹೆಸರು ಹೇಳುತ್ತಾರೆ, ಅವಳ ಮಾತು ಎಲ್ಲೂ ಇಲ್ಲ.

ಆ ಎಂಜಿನಿಯರ್ ಹುಡುಗನಿಗೆ ಮನೆಯವರ ಬಾಯಿ ಮುಚ್ಚಿಸಲು ‘ಹೂಂ’ ಅನ್ನಬೇಡಿ. ಒತ್ತಾಯಕ್ಕೆ ಒಪ್ಪಿ ಆದ ಮದುವೆಯನ್ನು ರದ್ದು ಮಾಡಿಸಲು ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ಇದೆ, ಒತ್ತಾಯ ನಿಂತ ಮೇಲೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆದರೆ ಅಲ್ಲಿಯವರೆಗೆ ಹೋದರೆ ಏನೂ ತಪ್ಪು ಮಾಡದ ಒಬ್ಬ ಹುಡುಗನ ಹೆಸರೂ ಕೋರ್ಟಿನ ಪಟ್ಟಿಗೆ ಬರುತ್ತದೆ. ಅವರು ನೋಡಲು ಬರುವ ಮೊದಲೇ ಆ ಹುಡುಗನಿಗೆ ನೇರವಾಗಿ ಫೋನ್ ಮಾಡಿ ಹೇಳಿ. ನಂಬರ್ ಬಯೋಡೇಟಾದಲ್ಲೇ ಇರುತ್ತದೆ. ಹೆಚ್ಚಿನ ಹುಡುಗರು ಮರ್ಯಾದೆಯಿಂದ ‘ನಮಗೇ ಬೇಡ’ ಅಂತ ಹೇಳಿಬಿಡುತ್ತಾರೆ.

ಇನ್ನು ಮದುವೆಯ ಒಳಗಿನ ಮಾತು. ಜಾತಿ ಜಗಳ ಮನೆಯೊಳಗೆ ಬರುವುದು ಅಡುಗೆಮನೆಯ ಬಾಗಿಲಿನಿಂದ. ನೀವು ಮೊಟ್ಟೆಯನ್ನೂ ಮುಟ್ಟದ ಮನೆಯವರು ಅಂದುಕೊಳ್ಳುತ್ತೇನೆ. ಅವರ ಮನೆಯಲ್ಲಿ ಭಾನುವಾರ ಸಾರು ಕುದಿಯುತ್ತಿರಬಹುದು. ತಿನ್ನದಿರುವುದು ನಿಮ್ಮ ಇಷ್ಟ, ಅದನ್ನು ಯಾರೂ ತಪ್ಪು ತಿಳಿಯಲ್ಲ. ಆದರೆ ‘ನನಗೆ ಬೇರೆ ಪಾತ್ರೆ ಇಡಿ’ ಅನ್ನುವ ಮಾತು ನಿಮ್ಮ ಬಾಯಲ್ಲಿ ಬರೀ ಸಸ್ಯಾಹಾರದ ಮಾತು. ಆ ಅತ್ತೆಗೆ ಹಾಗೆ ಕೇಳಿಸಲ್ಲ. ಹೋಟೆಲಿನಲ್ಲಿ ಬೇರೆ ಲೋಟ, ಹೊಲದಲ್ಲಿ ಎತ್ತಿ ಹೊಯ್ಯುವ ನೀರು, ಇದನ್ನೆಲ್ಲ ಕಂಡ ಹೆಣ್ಣುಮಗಳು ಅವಳು. ಸೊಸೆಯೇ ಬಂದು ಮನೆಯೊಳಗೆ ಪಾತ್ರೆ ಬೇರೆ ಮಾಡಿದರೆ ಎಲ್ಲಿಗೆ ತಾಗುತ್ತದೆ ಅಂತ ನೀವೇ ಯೋಚಿಸಿ. ಒಂದು ಜೋಡಿ ಈ ಒಂದೇ ಮಾತಿಗೆ ನನ್ನ ಎದುರು ಸಂಧಾನಕ್ಕೆ ಕೂತಿತ್ತು. ಹುಡುಗಿಗೆ ತಾನು ಏನು ಅಂದೆ ಅಂತಲೇ ಗೊತ್ತಿರಲಿಲ್ಲ. ಗಂಡ ವರ್ಷವಿಡೀ ಬಾಯಿ ಬಿಟ್ಟಿರಲಿಲ್ಲ. ಮದುವೆಗೆ ಮೊದಲು ಅವರ ಮನೆಗೆ ಹೋಗಿ, ಅವರ ತಾಯಿ ಕೊಟ್ಟ ಊಟ ಮಾಡಿ ಬನ್ನಿ. ಅಲ್ಲಿ ನಿಮಗೆ ಏನನ್ನಿಸುತ್ತದೆ ಅಂತ ಹುಡುಗನಿಗೆ ಮುಚ್ಚಿಡದೆ ಹೇಳಿ. ಆ ತಾಯಿಗೂ ‘ದೊಡ್ಡ ಜಾತಿ ಹುಡುಗಿ, ನಮ್ಮ ಮಗನನ್ನು ನಮ್ಮಿಂದ ದೂರ ಮಾಡುತ್ತಾಳೆ’ ಅನ್ನುವ ಭಯ ಇರುತ್ತದೆ. ನಿಮ್ಮ ಬೆನ್ನಿಗೆ ನಿಲ್ಲುವವರ ಪಟ್ಟಿಯಲ್ಲಿ ಮೊದಲ ಹೆಸರು ಅವರದ್ದಾಗಬಹುದು.

ಉಳಿದದ್ದು ಚಿಕ್ಕ ವಿಷಯಗಳು. ಮದುವೆಯಿಂದ ನಿಮ್ಮ ಜಾತಿ ಬದಲಾಗಲ್ಲ, ಮೀಸಲಾತಿಯೂ ಬರಲ್ಲ. ಮಕ್ಕಳಿಗೆ ಸಾಮಾನ್ಯವಾಗಿ ತಂದೆಯ ಜಾತಿ. ಮಗು ಯಾವ ಸಮುದಾಯದ ನಡುವೆ ಬೆಳೆಯಿತು ಅನ್ನುವುದನ್ನೂ ನೋಡಬೇಕು ಅಂತ 2012ರ ತೀರ್ಪೊಂದಿದೆ. ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನ ಹುಡುಗ ಪರಿಶಿಷ್ಟ ಜಾತಿಯವನಾದರೆ 2.5 ಲಕ್ಷ, ಹುಡುಗಿಯಾದರೆ 3 ಲಕ್ಷ. ಆದಾಯದ ಮಿತಿಯೂ ಅರ್ಜಿಯ ಗಡುವೂ ಇವೆ, ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ. ಮನೆಯವರ ಮುಂದೆ ಮಾತ್ರ ಈ ದುಡ್ಡಿನ ಸುದ್ದಿ ಎತ್ತಬೇಡಿ, ‘ಅದಕ್ಕೇ ಕಟ್ಟಿಕೊಂಡ’ ಅನ್ನುವ ಮಾತು ಜೀವಮಾನ ಪೂರ್ತಿ ಉಳಿಯುತ್ತದೆ.

ಆಸ್ತಿಯ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಪಿತ್ರಾರ್ಜಿತ ಜಮೀನಿನಲ್ಲಿ ನಿಮಗೆ ಹುಟ್ಟಿನಿಂದಲೇ ಮಗನಷ್ಟೇ ಪಾಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅದನ್ನು ಕೊಟ್ಟಿತು, 2020ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿಮಾಡಿತು. ಯಾರನ್ನು ಮದುವೆಯಾದರೂ ಅದು ಹೋಗಲ್ಲ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೂ, ಇಬ್ಬರೂ ಹಿಂದೂಗಳಾದ್ದರಿಂದ ಹೋಗಲ್ಲ. ಅಪ್ಪ ಸ್ವಂತ ದುಡಿದು ಮಾಡಿದ್ದನ್ನು ಮಾತ್ರ ಅವರು ಯಾರಿಗೆ ಬೇಕಾದರೂ ಬರೆಯಬಹುದು. ಮದುವೆಯಾದ ಹೊಸದರಲ್ಲಿ, ನಿಮಗೆ ತಪ್ಪಿತಸ್ಥ ಭಾವನೆ ಜಾಸ್ತಿ ಇರುವಾಗಲೇ, ಯಾರಾದರೂ ಹಕ್ಕು ಬಿಡುಗಡೆ ಪತ್ರ ಹಿಡಿದುಕೊಂಡು ಬರುತ್ತಾರೆ. ‘ಇದಕ್ಕೊಂದು ಸಹಿ ಹಾಕು, ಅಪ್ಪನ ಸಿಟ್ಟು ಇಳಿಯುತ್ತದೆ’ ಅನ್ನುತ್ತಾರೆ. ಸಿಟ್ಟು ಅದರಿಂದ ಇಳಿಯಲ್ಲ. ಪತ್ರದ ಒಂದು ನಕಲು ಇಸ್ಕೊಂಡು ವಕೀಲರಿಗೆ ತೋರಿಸಿ. ಪಾಲು ಬೇಡ ಅಂತ ನಿಮಗೇ ಅನ್ನಿಸಿದರೂ, ಬೇಡ ಅನ್ನುವುದನ್ನು ಎರಡು ವರ್ಷ ಬಿಟ್ಟು ಹೇಳಿ.